ಹೋಟಗಿ ಯಾವ ರಾಜ್ಯದ್ದು ಅಂತ ತೀರ್ಮಾನಿಸೋದು ಯಾರು? ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗದ ಮೊದಲ ಪಾಠ

ಗದಗದಿಂದ ಬಾಗಲಕೋಟೆ, ವಿಜಯಪುರ ದಾಟಿ ಸೋಲಾಪುರದ ಕಡೆ ರೈಲಲ್ಲಿ ಹೋದವರಿಗೆ ಹೋಟಗಿ ಜಂಕ್ಷನ್ ಗೊತ್ತಿರುತ್ತದೆ. ಸೋಲಾಪುರಕ್ಕೆ ಇನ್ನು ಸ್ವಲ್ಪವೇ ದೂರ ಇರುವಾಗ ಸಿಗುವ ಸ್ಟೇಷನ್. ವಿಜಯಪುರದ ಹಳಿ ಬಂದು ಸೋಲಾಪುರ-ವಾಡಿ ಮುಖ್ಯ ಮಾರ್ಗಕ್ಕೆ ಸೇರುವುದು ಇಲ್ಲೇ. ಭೀಮಾ ನದಿ ದಾಟಿದ ಮೇಲೆ ಬರುವ ಈ ಊರು ಮಹಾರಾಷ್ಟ್ರದ ದಕ್ಷಿಣ ಸೋಲಾಪುರ ತಾಲೂಕಿನದ್ದು. ಆದರೆ ಪ್ಲಾಟ್‌ಫಾರ್ಮ್‌ನಲ್ಲಿ ಇಳಿದರೆ ಕಿವಿಗೆ ಬೀಳುವುದು ಮರಾಠಿ ಮಾತ್ರ ಅಲ್ಲ, ಕನ್ನಡವೂ ಹೌದು. ಪಕ್ಕದ ಅಕ್ಕಲಕೋಟೆಯಲ್ಲಂತೂ ಇನ್ನೂ ಜಾಸ್ತಿ. ಸೋಲಾಪುರ ಪೇಟೆಗೆ ಹೋದರೆ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಸಿಗುತ್ತವೆ.

ನಮ್ಮ ಮಂಗಳೂರು, ಉಳ್ಳಾಲ, ಮಂಜೇಶ್ವರದ ಹುಡುಗರಿಗೆ ಇದು ಹೊಸ ವಿಷಯ ಅಲ್ಲ. ತಲಪಾಡಿ ಗಡಿ ದಾಟಿದರೆ ಕೇರಳ. ಆದರೆ ಆಚೆಗೂ ಅದೇ ಬ್ಯಾರಿ ಮಾತು, ಅದೇ ಕನ್ನಡ, ಅದೇ ತುಳು. ಸಂಬಂಧಿಕರು ಎರಡೂ ಕಡೆ ಇದ್ದಾರೆ. ಹಾಗಾದರೆ ಈ ಗೆರೆ ಎಳೆದದ್ದು ಯಾರು? ಹೋಟಗಿ ಮಹಾರಾಷ್ಟ್ರಕ್ಕೆ, ಕಾಸರಗೋಡು ಕೇರಳಕ್ಕೆ ಅಂತ ತೀರ್ಮಾನಿಸಿದ್ದು ಯಾರು? ಪ್ರಧಾನಿಯಾ? ಮುಖ್ಯಮಂತ್ರಿಯಾ? ಕೋರ್ಟಾ? ಅದನ್ನು ಬದಲಾಯಿಸಬೇಕು ಅಂದ್ರೆ ಯಾರನ್ನು ಕೇಳಬೇಕು?

ಈ ಪ್ರಶ್ನೆಗೆ ಸರಿಯಾಗಿ ಉತ್ತರ ಹೇಳಲು ಬಂದರೆ ದೇಶದ ಸರಕಾರ ಹೇಗೆ ನಡೆಯುತ್ತದೆ ಎಂಬುದು ಮುಕ್ಕಾಲು ಪಾಲು ಅರ್ಥವಾದ ಹಾಗೆ. ಶಾಲೆಯ ಸಮಾಜ ಪುಸ್ತಕದಲ್ಲಿ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಅಂತ ಮೂರು ಪದ ಬಾಯಿಪಾಠ ಮಾಡಿ ಮಾರ್ಕು ತೆಗೆದುಕೊಂಡವರೇ ನಾವೆಲ್ಲ. ಆದರೆ ಸ್ಕಾಲರ್‌ಶಿಪ್ ನಿಂತುಹೋದಾಗ, ಶಾಲೆಗೆ ಮೇಷ್ಟ್ರು ಬಾರದಿದ್ದಾಗ ಯಾವ ಬಾಗಿಲು ತಟ್ಟಬೇಕು ಎಂದು ಕೇಳಿದರೆ ಉತ್ತರ ಇಲ್ಲ. ಆದ್ದರಿಂದ ಗಡಿ ಊರುಗಳ ಕಥೆಯನ್ನೇ ಹಿಡಿದುಕೊಂಡು ಈ ಪಾಠವನ್ನು ಮತ್ತೊಮ್ಮೆ ಓದೋಣ.

ಮೂರು ಕೆಲಸ, ಮೂರು ಕೈ

ಯಾವುದೇ ಸಂಸ್ಥೆ ನಡೆಯಬೇಕಾದರೆ ಮೂರು ಕೆಲಸ ಆಗಬೇಕು. ಒಂದು, ನಿಯಮ ಮಾಡುವುದು. ಎರಡು, ಆ ನಿಯಮದ ಪ್ರಕಾರ ಕೆಲಸ ನಡೆಸುವುದು. ಮೂರು, ಜಗಳ ಬಂದಾಗ ನಿಯಮ ಏನು ಹೇಳುತ್ತದೆ ಎಂದು ನೋಡಿ ತೀರ್ಮಾನ ಕೊಡುವುದು.

ಒಂದು ಜಮಾಅತ್ತನ್ನೇ ತೆಗೆದುಕೊಳ್ಳಿ. ಮಹಾಸಭೆ ಸೇರಿ ಬೈಲಾ ಮಾಡುತ್ತದೆ, ವಂತಿಗೆ ಎಷ್ಟು ಎಂದು ನಿಗದಿ ಮಾಡುತ್ತದೆ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಸೇರಿ ಅದನ್ನು ವಸೂಲಿ ಮಾಡಿ ಖರ್ಚು ಮಾಡುತ್ತಾರೆ. ಲೆಕ್ಕದಲ್ಲಿ ತಕರಾರು ಬಂದರೆ ಯಾರೋ ಒಬ್ಬರು ಮಧ್ಯಸ್ಥರು ಕೂತು ಹೇಳಬೇಕು. ಬೈಲಾ ಬರೆದವರು, ದುಡ್ಡು ಖರ್ಚು ಮಾಡಿದವರು, ತಕರಾರು ತೀರಿಸುವವರು ಮೂವರೂ ಒಬ್ಬರೇ ಆದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವರು ಒಳ್ಳೆಯವರೇ ಆಗಿರಬಹುದು. ಆದರೂ ತಮ್ಮ ಮೇಲಿನ ದೂರನ್ನು ತಾವೇ ವಿಚಾರಿಸುವ ವ್ಯವಸ್ಥೆ ಸರಿಯಾದ ವ್ಯವಸ್ಥೆ ಅಲ್ಲ.

ದೇಶದ ಮಟ್ಟದಲ್ಲೂ ಇದೇ ಮಾತು. ನಿಯಮ ಮಾಡುವುದು ಸಂಸತ್ತು, ಅದು ಶಾಸಕಾಂಗ. ನಡೆಸುವುದು ರಾಷ್ಟ್ರಪತಿಯ ಹೆಸರಿನಲ್ಲಿ ಕೆಲಸ ಮಾಡುವ ಪ್ರಧಾನಿ, ಮಂತ್ರಿಮಂಡಲ ಮತ್ತು ಅಧಿಕಾರಿಗಳು, ಅದು ಕಾರ್ಯಾಂಗ. ತೀರ್ಪು ಕೊಡುವುದು ಸುಪ್ರೀಂ ಕೋರ್ಟ್, ಹೈಕೋರ್ಟ್ ಮತ್ತು ಕೆಳಗಿನ ಕೋರ್ಟುಗಳು, ಅದು ನ್ಯಾಯಾಂಗ. ಈ ಮೂರಕ್ಕೂ ಅಧಿಕಾರ ಬಂದದ್ದು ಸಂವಿಧಾನದಿಂದ. ಆದ್ದರಿಂದ ಮೂರರಲ್ಲಿ ಯಾವುದೂ ಸಂವಿಧಾನಕ್ಕಿಂತ ದೊಡ್ಡದಲ್ಲ.

ಗೆರೆ ಎಳೆದದ್ದು ಸಂಸತ್ತು

ಈಗ ಮೊದಲ ಪ್ರಶ್ನೆಗೆ ಬರೋಣ. ರಾಜ್ಯದ ಗಡಿಯನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ? ಸಂವಿಧಾನದ 3ನೇ ವಿಧಿ ಇದಕ್ಕೆ ನೇರ ಉತ್ತರ ಕೊಡುತ್ತದೆ: ಸಂಸತ್ತಿಗೆ. ಹೊಸ ರಾಜ್ಯ ಮಾಡುವುದು, ಇದ್ದ ರಾಜ್ಯದ ಜಾಗ ಹೆಚ್ಚು ಕಡಿಮೆ ಮಾಡುವುದು, ಗಡಿ ಬದಲಿಸುವುದು, ಹೆಸರು ಬದಲಿಸುವುದು ಎಲ್ಲವೂ ಸಂಸತ್ತು ಮಾಡುವ ಕಾನೂನಿನಿಂದಲೇ ಆಗಬೇಕು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಸಂಸತ್ತಿನ ಕಾನೂನಿನಿಂದಲೇ.

ಹೋಟಗಿಯ ಕಥೆ 1956ರದ್ದು. ಆಗ ಸೋಲಾಪುರ ಜಿಲ್ಲೆ ಬಾಂಬೆ ರಾಜ್ಯದಲ್ಲಿತ್ತು. ಅಕ್ಕಲಕೋಟೆ ಮೊದಲು ಒಂದು ಪುಟ್ಟ ಸಂಸ್ಥಾನ, ಸ್ವಾತಂತ್ರ್ಯದ ಮರುವರ್ಷ 1948ರಲ್ಲಿ ಬಾಂಬೆ ಪ್ರಾಂತಕ್ಕೆ ಸೇರಿತು. ಭಾಷೆಯ ಆಧಾರದಲ್ಲಿ ರಾಜ್ಯ ಆಗಬೇಕು ಎಂಬ ಕೂಗು ಜೋರಾದಾಗ ಕೇಂದ್ರ ಸರಕಾರ 1953ರ ಡಿಸೆಂಬರ್‌ನಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಅಧ್ಯಕ್ಷರು ನ್ಯಾಯಮೂರ್ತಿ ಫಝಲ್ ಅಲಿ. ಜೊತೆಗೆ ಹೃದಯನಾಥ ಕುಂಜ್ರು ಮತ್ತು ಕೆ.ಎಂ. ಪಣಿಕ್ಕರ್. 1955ರ ಸೆಪ್ಟೆಂಬರ್‌ನಲ್ಲಿ ಅವರ ವರದಿ ಬಂತು. ಮರುವರ್ಷ ಸಂಸತ್ತು ರಾಜ್ಯ ಪುನರ್ವಿಂಗಡಣಾ ಕಾಯ್ದೆ ಪಾಸ್ ಮಾಡಿತು. 1956ರ ನವೆಂಬರ್ 1ರಿಂದ 14 ರಾಜ್ಯ, 6 ಕೇಂದ್ರಾಡಳಿತ ಪ್ರದೇಶಗಳ ಹೊಸ ನಕ್ಷೆ ಜಾರಿಗೆ ಬಂತು.

ಆ ಕಾಯ್ದೆಯಿಂದ ಬಾಂಬೆ ರಾಜ್ಯದ ಬಿಜಾಪುರ, ಧಾರವಾಡ, ಉತ್ತರ ಕನ್ನಡ ಮತ್ತು ಚಂದಗಡ ತಾಲೂಕು ಬಿಟ್ಟು ಉಳಿದ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂದವು. ಸೋಲಾಪುರ ಜಿಲ್ಲೆ ಬಾಂಬೆಯಲ್ಲೇ ಉಳಿಯಿತು, ಜೊತೆಗೆ ಹೋಟಗಿಯೂ ಅಕ್ಕಲಕೋಟೆಯೂ. ಅದೇ ಕಾಯ್ದೆ ನಮ್ಮ ಮನೆಯನ್ನೂ ಮುಟ್ಟಿತು. ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಮೈಸೂರಿಗೆ ಬಂತು, ಆದರೆ ಅದರ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅಂದ್ರೆ ಹೋಟಗಿಯ ಕನ್ನಡಿಗನೂ ಮಂಜೇಶ್ವರದ ಬ್ಯಾರಿಯೂ ಇವತ್ತು ಇರುವ ರಾಜ್ಯದಲ್ಲಿ ಇರುವುದು ಒಂದೇ ಕಾಯ್ದೆಯಿಂದ.

ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಗಡಿ ಬದಲಿಸುವ ಮಸೂದೆಯನ್ನು ರಾಷ್ಟ್ರಪತಿಯ ಶಿಫಾರಸು ಇಲ್ಲದೆ ಸಂಸತ್ತಿನಲ್ಲಿ ಮಂಡಿಸುವಂತಿಲ್ಲ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯವನ್ನೂ ಕೇಳಬೇಕು. ಆದರೆ ಕೇಳಬೇಕು ಅಷ್ಟೇ, ಒಪ್ಪಲೇಬೇಕು ಎಂದಿಲ್ಲ. 2014ರಲ್ಲಿ ಆಂಧ್ರಪ್ರದೇಶದ ವಿಧಾನಸಭೆ ತೆಲಂಗಾಣ ಮಸೂದೆಯನ್ನು ತಿರಸ್ಕರಿಸಿತ್ತು. ಆದರೂ ಸಂಸತ್ತು ಪಾಸ್ ಮಾಡಿತು, ಜೂನ್ 2ರಂದು ತೆಲಂಗಾಣ ಹುಟ್ಟಿತು.

ಬಾಂಬೆಯ ವಿಷಯದಲ್ಲೂ ಇದೇ ಪ್ರಶ್ನೆ ಕೋರ್ಟಿಗೆ ಹೋಗಿತ್ತು. 1956ರ ಮಸೂದೆಯಲ್ಲಿ ಮೊದಲು ಮಹಾರಾಷ್ಟ್ರ, ಗುಜರಾತ್, ಬಾಂಬೆ ನಗರ ಎಂದು ಮೂರು ಭಾಗ ಮಾಡುವ ಪ್ರಸ್ತಾಪ ಇತ್ತು. ಸಂಸತ್ತು ಅದನ್ನು ತಿದ್ದಿ ಒಂದೇ ದೊಡ್ಡ ದ್ವಿಭಾಷಾ ಬಾಂಬೆ ರಾಜ್ಯ ಮಾಡಿತು. ತಿದ್ದಿದ ಮೇಲೆ ರಾಜ್ಯವನ್ನು ಇನ್ನೊಮ್ಮೆ ಕೇಳಬೇಕಿತ್ತು ಎಂದು ಬಾಬುಲಾಲ್ ಪರಾಟೆ ಎಂಬವರು ದಾವೆ ಹೂಡಿದರು. 1959ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಪ್ರತಿ ತಿದ್ದುಪಡಿಗೂ ಮತ್ತೆ ಮತ್ತೆ ಕೇಳಬೇಕಾಗಿಲ್ಲ ಎಂದಿತು. ಆ ದ್ವಿಭಾಷಾ ರಾಜ್ಯವೂ ಬಾಳಲಿಲ್ಲ. 1960ರ ಮೇ 1ರಂದು ಮಹಾರಾಷ್ಟ್ರ ಮತ್ತು ಗುಜರಾತ್ ಬೇರೆಯಾದವು. ಅದೂ ಸಂಸತ್ತಿನ ಇನ್ನೊಂದು ಕಾಯ್ದೆಯಿಂದ.

ಸಂಸತ್ತು ಅಂದ್ರೆ ಯಾರು?

ಲೋಕಸಭೆ, ರಾಜ್ಯಸಭೆ ಮತ್ತು ರಾಷ್ಟ್ರಪತಿ, ಈ ಮೂರೂ ಸೇರಿದರೆ ಸಂಸತ್ತು. ರಾಷ್ಟ್ರಪತಿ ಕಾರ್ಯಾಂಗದ ಮುಖ್ಯಸ್ಥರೂ ಹೌದು, ಸಂಸತ್ತಿನ ಒಂದು ಭಾಗವೂ ಹೌದು. ಲೋಕಸಭೆಯಲ್ಲಿ 543 ಸ್ಥಾನ, ಜನರು ನೇರವಾಗಿ ಓಟು ಹಾಕಿ ಆರಿಸುವುದು, ಅವಧಿ 5 ವರ್ಷ. ಕರ್ನಾಟಕದ್ದು 28, ಮಹಾರಾಷ್ಟ್ರದ್ದು 48. ರಾಜ್ಯಸಭೆಯಲ್ಲಿ 245 ಸ್ಥಾನ, ಅದರಲ್ಲಿ 12 ಮಂದಿ ನಾಮಕರಣ ಆದವರು. ರಾಜ್ಯಗಳಿಗೆ ಸೇರಿದ ಸ್ಥಾನಗಳಿಗೆ ಶಾಸಕರು ಓಟು ಹಾಕುತ್ತಾರೆ. ಕರ್ನಾಟಕಕ್ಕೆ 12, ಮಹಾರಾಷ್ಟ್ರಕ್ಕೆ 19. ಒಬ್ಬ ಸದಸ್ಯನ ಅವಧಿ 6 ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ನಿವೃತ್ತಿ.

ಮಸೂದೆಗೆ ಎರಡೂ ಸದನ ಒಪ್ಪಿ, ರಾಷ್ಟ್ರಪತಿ ಅಂಕಿತ ಹಾಕಿದರೆ ಅದು ಕಾನೂನು. ರಾಷ್ಟ್ರಪತಿ ಒಮ್ಮೆ ವಾಪಸ್ ಕಳಿಸಬಹುದು, ಸಂಸತ್ತು ಮತ್ತೆ ಪಾಸ್ ಮಾಡಿ ಕಳಿಸಿದರೆ ಒಪ್ಪಲೇಬೇಕು. ಹಣಕಾಸಿನ ಮಸೂದೆಯಲ್ಲಿ ಮಾತ್ರ ಲೋಕಸಭೆಯದ್ದೇ ಕೊನೆಯ ಮಾತು. ರಾಜ್ಯಸಭೆ 14 ದಿನ ಇಟ್ಟುಕೊಂಡು ಸಲಹೆ ಕೊಡಬಹುದು, ತಡೆಯುವ ಹಾಗಿಲ್ಲ.

ರಾಜ್ಯ ವಿಧಾನಸಭೆ ಗಡಿ ಬಗ್ಗೆ ನಿರ್ಣಯ ಪಾಸ್ ಮಾಡಿದರೆ? 2022ರ ಡಿಸೆಂಬರ್‌ನಲ್ಲಿ ಇದನ್ನು ನೋಡಿದ್ದೇವೆ. ಬೆಳಗಾವಿಯಲ್ಲಿ ಅಧಿವೇಶನ ಸೇರಿದ್ದ ಕರ್ನಾಟಕದ ಶಾಸಕರು ಒಂದಿಂಚು ಜಾಗವನ್ನೂ ಬಿಡುವುದಿಲ್ಲ ಎಂದು ನಿರ್ಣಯ ಮಾಡಿದರು. ಕೆಲವೇ ದಿನದಲ್ಲಿ ನಾಗಪುರದಲ್ಲಿ ಸೇರಿದ್ದ ಮಹಾರಾಷ್ಟ್ರದ ಶಾಸಕರು ಕರ್ನಾಟಕದ 865 ಊರುಗಳನ್ನು ಪಡೆಯಲು ಕಾನೂನು ಹೋರಾಟ ಮಾಡುತ್ತೇವೆ ಎಂದು ನಿರ್ಣಯ ಮಾಡಿದರು. ಟಿವಿಯಲ್ಲಿ ದಿನವಿಡೀ ಗದ್ದಲ. ಆದರೆ ಕಾನೂನಿನ ಕಣ್ಣಲ್ಲಿ ನಿರ್ಣಯ ಅಂದ್ರೆ ಅಭಿಪ್ರಾಯ. ಎರಡು ಸದನದ ನಿರ್ಣಯದಿಂದ ಹೋಟಗಿಯ ಒಂದು ಕಲ್ಲೂ ಆಚೀಚೆ ಆಗುವುದಿಲ್ಲ. ಇದು ಗೊತ್ತಿದ್ದವನು ವಾಟ್ಸಾಪ್‌ನಲ್ಲಿ ಬರುವ ಬೆಂಕಿ ಸುದ್ದಿಗೆ ಬೇಗ ಬಲಿ ಬೀಳುವುದಿಲ್ಲ.

ಆಯೋಗ, ಮಂತ್ರಿ, ಕಲೆಕ್ಟರ್: ಇದು ಕಾರ್ಯಾಂಗ

ಕಾರ್ಯಾಂಗ ಅಂದ್ರೆ ಬರೀ ಪ್ರಧಾನಿ, ಮಂತ್ರಿ ಅಲ್ಲ. ದೆಹಲಿಯ ಕಾರ್ಯದರ್ಶಿಯಿಂದ ಹಿಡಿದು ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತನ ತನಕ ಎಲ್ಲರೂ ಕಾರ್ಯಾಂಗವೇ. ಸಂಸತ್ತು ಮಾಡಿದ ಕಾನೂನನ್ನು ಜಾರಿಗೆ ತರುವುದು, ದುಡ್ಡು ಖರ್ಚು ಮಾಡುವುದು, ಯೋಜನೆ ಮಾಡುವುದು, ಆಯೋಗ ನೇಮಿಸುವುದು ಇವರ ಕೆಲಸ.

ಫೆಡರಲ್ ದೇಶ ಆದ್ದರಿಂದ ನಮ್ಮಲ್ಲಿ ಎರಡು ಮಟ್ಟದ ಕಾರ್ಯಾಂಗ ಇದೆ. ಹೋಟಗಿಯಲ್ಲೇ ನಿಂತು ನೋಡಿ. ರೈಲು ಕೇಂದ್ರದ್ದು. ರೈಲ್ವೆ ಕೇಂದ್ರ ಪಟ್ಟಿಯಲ್ಲಿರುವ ವಿಷಯ. ಹೋಟಗಿ ಸ್ಟೇಷನ್ ಮುಂಬೈಯಲ್ಲಿ ಕೇಂದ್ರ ಕಚೇರಿ ಇರುವ ಮಧ್ಯ ರೈಲ್ವೆಯ ಸೋಲಾಪುರ ವಿಭಾಗದ್ದು, ವಿಜಯಪುರದ ಕಡೆಯ ಮಾರ್ಗ ಹುಬ್ಬಳ್ಳಿಯ ನೈರುತ್ಯ ರೈಲ್ವೆಯದ್ದು. ಊರಿನ ಹತ್ತಿರದ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಕೇಂದ್ರದ ಸಂಸ್ಥೆ ಎನ್‌ಟಿಪಿಸಿಯದ್ದು, 1,320 ಮೆಗಾವ್ಯಾಟ್. ಆದರೆ ಊರಿನ ಪೊಲೀಸ್ ಠಾಣೆ ಮಹಾರಾಷ್ಟ್ರ ಸರಕಾರದ್ದು. ಜಮೀನಿನ ದಾಖಲೆ, ಆಸ್ಪತ್ರೆ ರಾಜ್ಯದ ವಿಷಯ. ಶಿಕ್ಷಣ ಎರಡೂ ಸರಕಾರ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ. ಪೊಲೀಸರ ಮೇಲಿನ ದೂರನ್ನು ಸಂಸದರಿಗೆ ಕೊಟ್ಟು, ರೈಲಿನ ದೂರನ್ನು ಶಾಸಕರಿಗೆ ಕೊಟ್ಟು, ಏನೂ ಆಗಲಿಲ್ಲ ಎಂದು ಕೂರುವವರು ನಮ್ಮಲ್ಲಿ ತುಂಬಾ ಮಂದಿ.

ಗಡಿಯ ವಿಷಯದಲ್ಲಿ ಕಾರ್ಯಾಂಗ ಏನು ಮಾಡಿತು? 1966ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಆಯೋಗ ನೇಮಿಸಿತು. ಮಹಾರಾಷ್ಟ್ರವೇ ಬಲವಾಗಿ ಒತ್ತಾಯಿಸಿ ಆಗಿದ್ದ ಆಯೋಗ. 1967ರ ಆಗಸ್ಟ್‌ನಲ್ಲಿ ವರದಿ ಬಂತು. ಬೆಳಗಾವಿ ನಗರ ಮೈಸೂರಿನಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ, ನಂದಗಡ ಸೇರಿ 264 ಊರು ಮಹಾರಾಷ್ಟ್ರಕ್ಕೆ ಹೋಗಲಿ, ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತ ಭಾಗದ 247 ಊರು ಮೈಸೂರಿಗೆ ಬರಲಿ ಎಂದು ಅದು ಹೇಳಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಕಾಸರಗೋಡಿನ ಭಾಗವೂ ಮೈಸೂರಿಗೆ ಸೇರಲಿ ಎಂದಿತು.

ಕರ್ನಾಟಕ ಒಪ್ಪಿತು, ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ವರದಿ ಅಲ್ಲೇ ಉಳಿಯಿತು. ಯಾಕೆ? ಅಧ್ಯಕ್ಷರು ಮಾಜಿ ನ್ಯಾಯಮೂರ್ತಿ ಆದರೂ ಅದು ಕೋರ್ಟ್ ಅಲ್ಲ. ಆಯೋಗ ಅಂದ್ರೆ ಕಾರ್ಯಾಂಗ ಕೇಳಿದ ಸಲಹೆ. ಆ ಸಲಹೆಯನ್ನು ಮಸೂದೆ ಮಾಡಿ ಸಂಸತ್ತಿನಲ್ಲಿಟ್ಟು ಪಾಸ್ ಮಾಡಿದರೆ ಮಾತ್ರ ಗಡಿ ಬದಲಾಗುತ್ತದೆ. ಫಝಲ್ ಅಲಿ ಆಯೋಗದ ವರದಿಯ ನಂತರ ಸಂಸತ್ತು ಕಾನೂನು ಮಾಡಿತು, ಹಾಗಾಗಿ ನಕ್ಷೆ ಬದಲಾಯಿತು. ಮಹಾಜನ್ ವರದಿಯ ನಂತರ ಸಂಸತ್ತು ಕಾನೂನು ಮಾಡಲಿಲ್ಲ, ಹಾಗಾಗಿ ಹೋಟಗಿ, ಅಕ್ಕಲಕೋಟೆ, ಮಂಜೇಶ್ವರ ಇದ್ದಲ್ಲೇ ಇವೆ. ‘ಮಹಾಜನ್ ತೀರ್ಪು’ ಅಂತ ಭಾಷಣದಲ್ಲಿ ಹೇಳುತ್ತಾರಲ್ಲ, ಅದು ತೀರ್ಪಲ್ಲ, ವರದಿ.

2022ರಲ್ಲಿ ಗಡಿಯಲ್ಲಿ ಬಸ್ಸುಗಳಿಗೆ ಮಸಿ ಬಳಿಯುವ ಮಟ್ಟಕ್ಕೆ ಜಗಳ ಹೋದಾಗ ಕೇಂದ್ರ ಗೃಹ ಸಚಿವ ಅಮಿತ್ ಶಾ ಡಿಸೆಂಬರ್ 14ರಂದು ಆಗಿನ ಮುಖ್ಯಮಂತ್ರಿಗಳಾದ ಬಸವರಾಜ ಬೊಮ್ಮಾಯಿ ಮತ್ತು ಏಕನಾಥ ಶಿಂಧೆ ಅವರನ್ನು ದೆಹಲಿಗೆ ಕರೆಸಿದರು. ಸುಪ್ರೀಂ ಕೋರ್ಟ್ ತೀರ್ಪು ಬರುವ ತನಕ ಯಾರೂ ಹಕ್ಕು ಸಾಧಿಸಬಾರದು, ಎರಡೂ ಕಡೆಯ ತಲಾ ಮೂವರು ಮಂತ್ರಿಗಳು ಕೂತು ಮಾತಾಡಬೇಕು ಎಂದು ತೀರ್ಮಾನ ಆಯಿತು. ಇದು ಕಾರ್ಯಾಂಗದ ಸರಿಯಾದ ಕೆಲಸ. ಗಡಿ ಬದಲಿಸುವ ಅಧಿಕಾರ ಗೃಹ ಸಚಿವರಿಗಿಲ್ಲ, ಆದರೆ ಶಾಂತಿ ಕಾಪಾಡಿ, ಮಾತುಕತೆಗೆ ಕೂರಿಸುವ ಜವಾಬ್ದಾರಿ ಇದೆ.

ಕಾರ್ಯಾಂಗಕ್ಕೆ ಲಗಾಮು ಯಾರ ಕೈಯಲ್ಲಿ? ಲೋಕಸಭೆಯ ಕೈಯಲ್ಲಿ. ಸಂವಿಧಾನದ 75ನೇ ವಿಧಿ ಪ್ರಕಾರ ಮಂತ್ರಿಮಂಡಲ ಒಟ್ಟಾಗಿ ಲೋಕಸಭೆಗೆ ಉತ್ತರ ಕೊಡಬೇಕು. ಬಹುಮತ ಹೋದರೆ ಕುರ್ಚಿಯೂ ಹೋಯಿತು. ನಮ್ಮ ರಾಜ್ಯದವರೇ ಆದ ಎಚ್.ಡಿ. ದೇವೇಗೌಡರು 1997ರ ಏಪ್ರಿಲ್‌ನಲ್ಲಿ ವಿಶ್ವಾಸಮತ ಸೋತು ಪ್ರಧಾನಿ ಪಟ್ಟ ಬಿಟ್ಟರು. 1999ರ ಏಪ್ರಿಲ್‌ನಲ್ಲಿ ವಾಜಪೇಯಿ ಸರಕಾರ ಒಂದೇ ಒಂದು ಓಟಿನಿಂದ ಬಿತ್ತು. ‘ನನ್ನ ಒಂದು ಓಟಿನಿಂದ ಏನಾಗುತ್ತೆ’ ಎನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಕೋರ್ಟಿನ ಕೆಲಸ ಎಲ್ಲಿ ಶುರು, ಎಲ್ಲಿ ಕೊನೆ?

2004ರಲ್ಲಿ ಮಹಾರಾಷ್ಟ್ರ ಸರಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಎರಡು ರಾಜ್ಯಗಳ ನಡುವೆ, ಅಥವಾ ರಾಜ್ಯ ಮತ್ತು ಕೇಂದ್ರದ ನಡುವೆ ಕಾನೂನಿನ ಜಗಳ ಬಂದರೆ 131ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೇ ಹೋಗಬೇಕು, ಕೆಳಗಿನ ಯಾವ ಕೋರ್ಟಿಗೂ ಅಲ್ಲ. 1956ರ ಗಡಿ ಭಾಷೆ ನೋಡಿ ಸಮಾನವಾಗಿ ಹಾಕಿದ್ದಲ್ಲ, ಮರಾಠಿ ಮಾತಾಡುವ ಊರುಗಳಿಗೆ ಅನ್ಯಾಯ ಆಗಿದೆ ಎನ್ನುವುದು ಮಹಾರಾಷ್ಟ್ರದ ವಾದ. ಗಡಿ ಸಂಸತ್ತಿನ ಅಧಿಕಾರ, 3ನೇ ವಿಧಿಯಲ್ಲಿ ಸ್ಪಷ್ಟವಾಗಿದೆ, ಕೋರ್ಟ್ ಇದರಲ್ಲಿ ಕೈ ಹಾಕುವ ಹಾಗಿಲ್ಲ ಎನ್ನುವುದು ಕರ್ನಾಟಕದ ವಾದ. ಎರಡು ದಶಕ ದಾಟಿದರೂ ಅಂತಿಮ ತೀರ್ಪು ಬಂದಿಲ್ಲ.

ಈ ಎರಡು ವಾದ ಸರಿಯಾಗಿ ಗಮನಿಸಿ. ಜಗಳ ಇರುವುದು ಬರೀ ಬೆಳಗಾವಿ ಯಾರದ್ದು ಎಂಬುದರ ಮೇಲಲ್ಲ. ಈ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಯಾವ ಅಂಗಕ್ಕೆ ಎಂಬುದೇ ಮೊದಲ ಜಗಳ. ಸಂಸತ್ತು ಮಾಡಿದ ಕಾನೂನು ಸಂವಿಧಾನಕ್ಕೆ ವಿರುದ್ಧವಾಗಿದ್ದರೆ ಅದನ್ನು ರದ್ದು ಮಾಡುವ ಅಧಿಕಾರ ಕೋರ್ಟಿಗಿದೆ. ಆದರೆ ಕೋರ್ಟ್ ತಾನೇ ಹೊಸ ಕಾನೂನು ಬರೆಯುವುದಿಲ್ಲ. ಗೆರೆ ಸರಿ ಇಲ್ಲ ಎಂದು ಹೇಳುವುದು ಬೇರೆ, ಹೊಸ ಗೆರೆ ಎಳೆಯುವುದು ಬೇರೆ.

ಇನ್ನು ಸಂಸತ್ತು ಸಂವಿಧಾನವನ್ನೇ ಬದಲಿಸಿದರೆ? ಆ ಪ್ರಶ್ನೆಗೆ ಉತ್ತರ ಬಂದದ್ದು ನಮ್ಮ ಪಕ್ಕದ ಕಾಸರಗೋಡಿನಿಂದ. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರದೇ ಇದ್ದಿದ್ದರೆ ಆ ಮಠಕ್ಕೆ ಕೇರಳದ ಕಾನೂನು ತಾಗುತ್ತಲೇ ಇರಲಿಲ್ಲ. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು 7-6ರ ಬಹುಮತದಲ್ಲಿ ತೀರ್ಪು ಕೊಟ್ಟಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಮಠದ ಜಮೀನಿನ ವಿಷಯದಲ್ಲಿ ಸ್ವಾಮೀಜಿಗೆ ಲಾಭ ಆಗಲಿಲ್ಲ. ಆದರೆ ಆ ತೀರ್ಪು ಇವತ್ತಿಗೂ ದೇಶದ ಪ್ರತಿಯೊಬ್ಬ ಪ್ರಜೆಗೆ, ಅವನು ಯಾವ ಧರ್ಮದವನೇ ಇರಲಿ, ಗುರಾಣಿಯಾಗಿ ನಿಂತಿದೆ. ಒಂದು ಸರಕಾರಕ್ಕೆ ಎಷ್ಟೇ ದೊಡ್ಡ ಬಹುಮತ ಇದ್ದರೂ ದಾಟಲಾಗದ ಒಂದು ಗಡಿ ಇದೆ ಎಂದು ಹೇಳಿದ್ದು ಗಡಿನಾಡಿನ ಒಂದು ಕೇಸು.

ಕೋರ್ಟಿನ ಮೇಲೂ ಲಗಾಮು ಇದೆ. ನ್ಯಾಯಮೂರ್ತಿಗಳನ್ನು ನೇಮಿಸುವ ಆದೇಶಕ್ಕೆ ಸಹಿ ಹಾಕುವುದು ರಾಷ್ಟ್ರಪತಿ. ಸುಪ್ರೀಂ ಕೋರ್ಟಿನಲ್ಲಿ ಎಷ್ಟು ನ್ಯಾಯಮೂರ್ತಿಗಳು ಇರಬೇಕು ಎಂದು ಕಾನೂನು ಮಾಡುವುದು ಸಂಸತ್ತು, 2019ರಲ್ಲಿ ಆ ಸಂಖ್ಯೆ ಮುಖ್ಯ ನ್ಯಾಯಮೂರ್ತಿ ಸೇರಿ 34 ಆಯಿತು. ದುರ್ನಡತೆ ಸಾಬೀತಾದರೆ ಸಂಸತ್ತಿನ ಎರಡೂ ಸದನಗಳು ವಿಶೇಷ ಬಹುಮತದಿಂದ ನ್ಯಾಯಮೂರ್ತಿಯನ್ನು ತೆಗೆಯಬಹುದು. ಹೀಗೆ ಒಬ್ಬರ ಕೈ ಇನ್ನೊಬ್ಬರು ಹಿಡಿದಿರುತ್ತಾರೆ. ಕೆಲಸ ನಿಧಾನ ಆಗುತ್ತದೆ ಎಂದು ಬೇಸರ ಆಗಬಹುದು. ಆದರೆ ಒಬ್ಬನೇ ಎಲ್ಲವನ್ನೂ ಬೇಗ ಮಾಡಿಬಿಡುವ ವ್ಯವಸ್ಥೆಯಲ್ಲಿ ತಪ್ಪೂ ಅಷ್ಟೇ ಬೇಗ ಆಗುತ್ತದೆ.

ಗೆರೆಯ ಆಚೆ ಉಳಿದವರ ಹಕ್ಕು

ಗಡಿ ಎಲ್ಲಿ ಹಾಕಿದರೂ ಕೆಲವರು ತಪ್ಪು ಕಡೆ ಉಳಿದೇ ಉಳಿಯುತ್ತಾರೆ. ಇದನ್ನು 1956ರಲ್ಲೇ ಯೋಚಿಸಿದ್ದರು. ಆ ವರ್ಷದ 7ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 350ಎ ಮತ್ತು 350ಬಿ ಎಂಬ ಎರಡು ವಿಧಿ ಸೇರಿಸಿದರು. ಮೊದಲನೆಯದ್ದು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಭಾಷೆಯಲ್ಲಿ ಕಲಿಯುವ ಸೌಲಭ್ಯ ಕೊಡಲು ರಾಜ್ಯ ಪ್ರಯತ್ನಿಸಬೇಕು ಎನ್ನುತ್ತದೆ. ಎರಡನೆಯದ್ದು, ಇದನ್ನೆಲ್ಲ ನೋಡಿ ರಾಷ್ಟ್ರಪತಿಗೆ ವರದಿ ಕೊಡಲು ಒಬ್ಬ ವಿಶೇಷ ಅಧಿಕಾರಿ ಇರಬೇಕು ಎನ್ನುತ್ತದೆ. ಆ ವರದಿ ಸಂಸತ್ತಿನ ಮುಂದೆ ಬರಬೇಕು. ಅಕ್ಕಲಕೋಟೆ, ದಕ್ಷಿಣ ಸೋಲಾಪುರ, ಜತ್ತದ ಕನ್ನಡ ಶಾಲೆಗಳು ಯಾರದೋ ದಯೆಯಿಂದ ನಡೆಯುತ್ತಿರುವುದಲ್ಲ. ಅವುಗಳ ಹಿಂದೆ ಸಂವಿಧಾನದ ಮಾತಿದೆ.

30ನೇ ವಿಧಿ ಇನ್ನೂ ಒಂದು ಹೆಜ್ಜೆ ಮುಂದೆ. ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರು ತಮ್ಮದೇ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದು. ಅಲ್ಪಸಂಖ್ಯಾತರು ಯಾರು ಎಂದು ಲೆಕ್ಕ ಹಾಕುವುದು ದೇಶ ನೋಡಿಯಾ, ರಾಜ್ಯ ನೋಡಿಯಾ? ಈ ಪ್ರಶ್ನೆಗೂ ಉತ್ತರ ನಮ್ಮ ಕರಾವಳಿಯ ಕೇಸಿನಲ್ಲೇ ಬಂತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರಲ್ಲಿ 11 ನ್ಯಾಯಮೂರ್ತಿಗಳ ಪೀಠ, ರಾಜ್ಯವನ್ನೇ ಘಟಕ ಮಾಡಿ ನೋಡಬೇಕು ಎಂದಿತು. ಹಾಗಾಗಿ ಬೆಂಗಳೂರಿನಲ್ಲಿ ಬಹುಸಂಖ್ಯಾತ ಆಗಿರುವ ಕನ್ನಡಿಗ ಸೋಲಾಪುರದಲ್ಲಿ ಭಾಷಾ ಅಲ್ಪಸಂಖ್ಯಾತ. ಮುಂಬೈಯಲ್ಲಿ ಬಹುಸಂಖ್ಯಾತ ಆಗಿರುವ ಮರಾಠಿಗ ಬೆಳಗಾವಿಯಲ್ಲಿ ಭಾಷಾ ಅಲ್ಪಸಂಖ್ಯಾತ. ಇದನ್ನು ತಿಳಿದುಕೊಂಡರೆ ‘ಅಲ್ಪಸಂಖ್ಯಾತ’ ಎಂಬ ಪದ ಒಂದೇ ಸಮುದಾಯಕ್ಕೆ ಅಂಟಿದ್ದಲ್ಲ, ಗೆರೆ ದಾಟಿದರೆ ಯಾರೂ ಆಗಬಹುದು ಎಂಬುದು ಅರ್ಥವಾಗುತ್ತದೆ.

ಹಕ್ಕಿನ ಜೊತೆ ಜವಾಬ್ದಾರಿಯೂ ಇದೆ. ಮಹಾರಾಷ್ಟ್ರದ ಭಾಷಾ ಅಲ್ಪಸಂಖ್ಯಾತ ಶಾಲೆಗಳಲ್ಲೂ ಮರಾಠಿ ಒಂದು ವಿಷಯವಾಗಿ ಕಡ್ಡಾಯ ಎಂಬ ನಿಯಮವನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಎತ್ತಿಹಿಡಿಯಿತು. ನಾವು ಬದುಕುವ ನಾಡಿನ ಭಾಷೆ ಕಲಿಯುವುದರಿಂದ ನಮ್ಮ ಭಾಷೆ ಸಾಯುವುದಿಲ್ಲ. ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು ಮಾತಾಡಿ ಬೆಳೆದ ನಮಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು?

ಯೋಜನೆ ಬೇರೆ, ಕಾನೂನು ಬೇರೆ

ನಮ್ಮ ವಿದ್ಯಾರ್ಥಿಗಳಿಗೆ ನೇರವಾಗಿ ತಾಗಿದ ಒಂದು ಉದಾಹರಣೆ. ಅಲ್ಪಸಂಖ್ಯಾತ ಮಕ್ಕಳಿಗೆ 1ರಿಂದ 10ನೇ ತರಗತಿ ತನಕ ಸಿಗುತ್ತಿದ್ದ ಕೇಂದ್ರದ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ 2022-23ರಿಂದ 9 ಮತ್ತು 10ನೇ ತರಗತಿಗೆ ಮಾತ್ರ ಸೀಮಿತ ಆಯಿತು. ಅದೇ ವರ್ಷ ಪಿಎಚ್‌ಡಿ ಮಾಡುವವರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ನಿಂತಿತು. ಇದಕ್ಕೆ ಸಂಸತ್ತಿನಲ್ಲಿ ಯಾವ ಮಸೂದೆಯೂ ಬರಲಿಲ್ಲ, ಓಟೂ ನಡೆಯಲಿಲ್ಲ. ಯಾಕೆಂದರೆ ಅವು ಕಾನೂನಿನಿಂದ ಬಂದ ಹಕ್ಕಾಗಿರಲಿಲ್ಲ, ಕಾರ್ಯಾಂಗ ಮಾಡಿದ ಯೋಜನೆಗಳಾಗಿದ್ದವು. ಆದೇಶದಲ್ಲಿ ಬಂದದ್ದು ಆದೇಶದಲ್ಲೇ ಹೋಗುತ್ತದೆ.

ಇದಕ್ಕೆ ಹೋಲಿಸಿ ನೋಡಿ: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ ಕೊಡುವ 2009ರ ಶಿಕ್ಷಣ ಹಕ್ಕು ಕಾಯ್ದೆಯನ್ನು ಯಾವ ಮಂತ್ರಿಯೂ ಒಂದು ಸುತ್ತೋಲೆಯಿಂದ ನಿಲ್ಲಿಸುವ ಹಾಗಿಲ್ಲ. ಅದು ಸಂಸತ್ತು ಮಾಡಿದ ಕಾನೂನು, ಅದರ ಹಿಂದೆ ಸಂವಿಧಾನದ 21ಎ ವಿಧಿ ಇದೆ. ಆದ್ದರಿಂದ ಯಾವುದೇ ಸೌಲಭ್ಯ ಬಂದಾಗ ಖುಷಿ ಪಡುವುದರ ಜೊತೆಗೆ ಒಂದು ಪ್ರಶ್ನೆ ಕೇಳಿ: ಇದು ಯೋಜನೆಯಾ, ಕಾನೂನಾ? ನಾಯಕರಿಂದ ಏನು ಬೇಡಿಕೆ ಇಡಬೇಕು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ.

ಯಾವ ಬಾಗಿಲು ತಟ್ಟಬೇಕು?

* ಕಾನೂನೇ ಸರಿ ಇಲ್ಲ ಅಥವಾ ಹೊಸ ಕಾನೂನು ಬೇಕು ಎಂದಾದರೆ ಶಾಸಕಾಂಗ. ಕೇಂದ್ರದ ವಿಷಯ ಆದರೆ ಸಂಸದರು, ರಾಜ್ಯದ ವಿಷಯ ಆದರೆ ಶಾಸಕರು. ಸದನದಲ್ಲಿ ಪ್ರಶ್ನೆ ಕೇಳಿಸಲು ಲಿಖಿತವಾಗಿ ಮನವಿ ಕೊಡಿ.
* ಕಾನೂನು ಇದೆ, ಜಾರಿ ಆಗುತ್ತಿಲ್ಲ ಎಂದಾದರೆ ಕಾರ್ಯಾಂಗ. ಸಂಬಂಧಪಟ್ಟ ಅಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿ ಮಾತಿನ ದೂರಿಗೆ ದಾಖಲೆ ಇರುವುದಿಲ್ಲ.
* ಏನಾಗಿದೆ ಎಂದೇ ಗೊತ್ತಾಗುತ್ತಿಲ್ಲ ಎಂದಾದರೆ 2005ರ ಮಾಹಿತಿ ಹಕ್ಕು ಕಾಯ್ದೆ. ಕೇಂದ್ರ ಸರಕಾರದ ಕಚೇರಿಗೆ ಅರ್ಜಿ ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು.
* ಹಕ್ಕಿಗೆ ಪೆಟ್ಟು ಬಿದ್ದಿದೆ ಎಂದಾದರೆ ನ್ಯಾಯಾಂಗ. ಮೂಲಭೂತ ಹಕ್ಕಿಗಾಗಿ 226ನೇ ವಿಧಿಯಡಿ ಹೈಕೋರ್ಟಿಗೆ, 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಸೋಲಾಪುರದವರು ಮೊದಲು ಹೈಕೋರ್ಟಿಗೆ ಮುಂಬೈಗೇ ಹೋಗಬೇಕಿತ್ತು. 2025ರ ಆಗಸ್ಟ್‌ನಿಂದ ಕೊಲ್ಲಾಪುರದ ಸಂಚಾರಿ ಪೀಠ ಅವರಿಗೆ ಹತ್ತಿರವಾಗಿದೆ.
* ವಕೀಲರಿಗೆ ದುಡ್ಡಿಲ್ಲ ಎಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಆದಾಯ ಕಡಿಮೆ ಇರುವವರಿಗೆ ಉಚಿತ ಕಾನೂನು ನೆರವು ಇದೆ. ಪ್ರತಿ ಜಿಲ್ಲಾ ಕೋರ್ಟ್‌ನಲ್ಲೂ ಇದರ ಕಚೇರಿ ಇರುತ್ತದೆ.

ಇನ್ನು ಮೊದಲಿನ ಪ್ರಶ್ನೆಗೆ ಮರಳೋಣ. ಹೋಟಗಿ ಯಾವ ರಾಜ್ಯದ್ದು ಅಂತ ತೀರ್ಮಾನಿಸಿದ್ದು ಸಂಸತ್ತು, 1956ರಲ್ಲಿ. ಬದಲಿಸಬೇಕಾದರೂ ಸಂಸತ್ತೇ ಬೇಕು. ಆಯೋಗ ಸಲಹೆ ಕೊಡಬಹುದು, ಮಂತ್ರಿಗಳು ಮಾತುಕತೆ ಮಾಡಬಹುದು, ಕೋರ್ಟ್ ಕಾನೂನು ಸಂವಿಧಾನಕ್ಕೆ ಸರಿಯಾಗಿದೆಯಾ ಎಂದು ನೋಡಬಹುದು. ಆದರೆ ಗೆರೆಯ ಯಾವ ಕಡೆ ಇದ್ದರೂ ಅಲ್ಲಿನ ಮಗುವಿಗೆ ಶಾಲೆ, ರೋಗಿಗೆ ಆಸ್ಪತ್ರೆ, ಬಡವನಿಗೆ ನ್ಯಾಯ ಸಿಗಬೇಕು. ಜತ್ತ ಭಾಗದ ಊರಿನವರು 2012ರಲ್ಲಿ ಕರ್ನಾಟಕಕ್ಕೆ ಸೇರುತ್ತೇವೆ ಎಂದು ನಿರ್ಣಯ ಮಾಡಿದ್ದು ಭಾಷೆಯ ಮೇಲಿನ ಸಿಟ್ಟಿನಿಂದಲ್ಲ, ಕುಡಿಯಲು ನೀರಿಲ್ಲದ ಕಷ್ಟಕ್ಕೆ. ನೀರು ಕೊಡುವುದು ಕಾರ್ಯಾಂಗದ ಕೆಲಸ. ಅದು ಆಗದಿದ್ದಾಗ ಜನ ಗಡಿಯನ್ನೇ ಪ್ರಶ್ನಿಸುತ್ತಾರೆ.

ಈ ವಾರ ಒಂದು ಕೆಲಸ ಮಾಡಿ. ಮನೆಯಲ್ಲಿ, ಮದ್ರಸದಲ್ಲಿ, ಕ್ಲಬ್ಬಿನಲ್ಲಿ ನಾಲ್ಕು ಮಂದಿ ಸೇರಿದಾಗ ನಿಮ್ಮೂರಿನ ಒಂದು ಸಮಸ್ಯೆ ತೆಗೆದುಕೊಳ್ಳಿ. ಅದು ಕೇಂದ್ರದ್ದಾ, ರಾಜ್ಯದ್ದಾ? ಕಾನೂನಿನ ಕೊರತೆಯಾ, ಜಾರಿಯ ಕೊರತೆಯಾ, ಹಕ್ಕಿನ ಪ್ರಶ್ನೆಯಾ? ಈ ಎರಡು ಪ್ರಶ್ನೆಗೆ ಉತ್ತರ ಬರೆದು, ಸರಿಯಾದ ಬಾಗಿಲಿಗೆ ಒಂದು ಅರ್ಜಿ ಕೊಡಿ.